ಚಂಡಮಾರುತಕ್ಕೆ ಹೆಸರಿತ್ತ ನಾವಿಕ: ಹೆನ್ರಿ ಪಿಡಿಂಗ್ಟನ್

ವೈಶಾಖ ಜ್ಯೇಷ್ಠಗಳಲ್ಲೊಮ್ಮೆ, ಆಶ್ವಯುಜ ಕಾರ್ತಿಕಗಳಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ನಮ್ಮ ದೇಶದ ವೃತ್ತಪತ್ರಿಕೆಗಳಲ್ಲಿ ಸೈಕ್ಲೋನ್ ಎಂಬ ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ. ಮುಂಬಯಿಯಲ್ಲಿರುವ ನಮ್ಮವರು ಊರಿಗೆ ಫೋನು ಮಾಡಿ ಮಲ್ಪೆಯ ದೋಣಿಗಳು ದಡ ಸೇರಿದವೇ ಎಂದು ವಿಚಾರಿಸುತ್ತಾರೆ. ಚೆನ್ನೈಯಲ್ಲಿರುವವರು ಮೇಣದ ಬತ್ತಿ, ಅಕ್ಕಿ, ಹಾಲಿನ ಪುಡಿಗಳನ್ನು ಮನೆಗೆ ತಂದಿಟ್ಟುಕೊಳ್ಳುತ್ತಾರೆ. ಈ ಮಾತನ್ನು ಉಚ್ಚರಿಸುವವರು ಕೋಟಿಗಟ್ಟಲೆ ಜನ. ಅದು ಎಲ್ಲಿ ಹುಟ್ಟಿತು, ಯಾರು ಹುಟ್ಟಿಸಿದರು ಎಂಬುದನ್ನು ಬಲ್ಲವರು ಬಹು ವಿರಳ. ಅದು ಲಂಡನ್ನಿನಲ್ಲಿ ಹುಟ್ಟಿದ್ದಲ್ಲ, ನ್ಯೂಯಾರ್ಕಿನಲ್ಲಿಯೂ ಅಲ್ಲ. ನಮ್ಮದೇ ದೇಶದ ಕಲ್ಕತ್ತೆಯಲ್ಲಿ, ಹಡಗಿನ ಕೆಲಸವನ್ನು ಬಿಟ್ಟು ದಡಕ್ಕೆ ಬಂದ ಒಬ್ಬ ಕಪ್ತಾನನ ಲೇಖನಿಯಿಂದ ಹುಟ್ಟಿದ್ದು. ಆತನ ಹೆಸರು ಹೆನ್ರಿ ಪಿಡಿಂಗ್ಟನ್. ಈತನ ಜೀವನದಲ್ಲಿ ಹೆಸರಿಡುವ ಕತೆಗಿಂತಲೂ ದೊಡ್ಡದಾದ ಮತ್ತೊಂದು ಕತೆಯಿದೆ. ಅದು ಮುಂದೆ ಬರುವ ಕೇಡನ್ನು ಕಂಡು, ಹೇಳಿ, ಕೇಳುವವರಿಲ್ಲದೆ ಹೋದ ಕತೆ. ಎರಡನ್ನೂ ನಮ್ಮ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕಡಲಿನಿಂದ ಕಲ್ಕತ್ತೆಗೆ

ಪಿಡಿಂಗ್ಟನ್ನನು 1797ನೆಯ ಇಸವಿ ಜನವರಿ 7ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಜನಿಸಿದನು. ವ್ಯಾಪಾರದ ಹಡಗುಗಳಲ್ಲಿ ದುಡಿದು, ಪೂರ್ವದ ಕಡಲುಗಳಲ್ಲಿ ಸಂಚರಿಸಿ, ಕಪ್ತಾನನ ಪದವಿಗೆ ಏರಿದನು. ಆ ಕಾಲದ ಹಡಗುಗಳು ಹಾಯಿಯ ಹಡಗುಗಳು. ಗಾಳಿಯೇ ಅವುಗಳ ಅನ್ನ, ಗಾಳಿಯೇ ಅವುಗಳ ಮೃತ್ಯು. ಆಕಾಶದ ಬಣ್ಣವನ್ನೂ ಅಲೆಯ ಏರಿಳಿತವನ್ನೂ ಪಾದರಸದ ಭಾರಮಾಪಕವನ್ನೂ ನೋಡಿ ಮುಂದಿನ ಗಳಿಗೆಯನ್ನು ಊಹಿಸಬಲ್ಲವನೇ ಹಡಗನ್ನು ದಡ ಮುಟ್ಟಿಸುವನು. ಈ ವಿದ್ಯೆಯನ್ನು ಪಿಡಿಂಗ್ಟನ್ನನು ಪುಸ್ತಕದಿಂದ ಕಲಿಯಲಿಲ್ಲ, ಹಡಗಿನ ಅಟ್ಟದ ಮೇಲೆ ನಿಂತು ಕಲಿತನು.

ಸುಮಾರು 1830ರ ಹೊತ್ತಿಗೆ ಆತನು ಸಮುದ್ರಯಾನವನ್ನು ಬಿಟ್ಟು ಕಲ್ಕತ್ತೆಯಲ್ಲಿ ನೆಲಸಿದನು. ದಡಕ್ಕೆ ಬಂದ ನಾವಿಕನು ಸುಮ್ಮನೆ ಕುಳಿತುಕೊಳ್ಳುವ ಜಾತಿಯವನಾಗಿರಲಿಲ್ಲ. ಗಿಡಮರಗಳು, ಮಣ್ಣು, ಕಲ್ಲು, ಖನಿಜ ಎಲ್ಲದರಲ್ಲಿಯೂ ಆತನಿಗೆ ಕುತೂಹಲ. 1832ರಲ್ಲಿ ಭಾರತದ ಸಸ್ಯಗಳ ಹೆಸರುಗಳ ಒಂದು ಸೂಚಿಯನ್ನು ಸಿದ್ಧಪಡಿಸಿ ಪ್ರಕಟಿಸಿದನು. ಸರ್ ವಿಲಿಯಂ ಜೋನ್ಸನು 1784ರಲ್ಲಿ ಸ್ಥಾಪಿಸಿದ್ದ ಏಷ್ಯಾಟಿಕ್ ಸೊಸೈಟಿಯ ಕಾರ್ಯಗಳಲ್ಲಿ ಕೈಗೂಡಿಸಿದನು. ಕಲ್ಕತ್ತೆಯ ಆರ್ಥಿಕ ಭೂವಿಜ್ಞಾನದ ವಸ್ತುಸಂಗ್ರಹಾಲಯಕ್ಕೆ ಪಾಲಕನಾದನು. 1850ರಲ್ಲಿ ಬಂಗಾಳದ ಶಾಲ್ಕಾ ಎಂಬಲ್ಲಿ ಆಕಾಶದಿಂದ ಉಲ್ಕಾಶಿಲೆ ಬಿದ್ದಾಗ ಅದನ್ನು ಪರೀಕ್ಷಿಸಿದವನೂ ಈತನೇ. ಹಡಗುಗಳ ಅಪಘಾತಗಳನ್ನು ವಿಚಾರಣೆ ಮಾಡುವ ನೌಕಾ ನ್ಯಾಯಮಂಡಲಿಯ ಅಧ್ಯಕ್ಷಪದವಿಯೂ ಈತನಿಗೆ ದೊರಕಿತು. ಯಾವ ಹಡಗು ಏತಕ್ಕಾಗಿ ಮುಳುಗಿತು, ಕಪ್ತಾನನು ಎಲ್ಲಿ ತಪ್ಪಿದನು ಎಂಬುದನ್ನು ಅಧಿಕಾರದಿಂದ ವಿಚಾರಿಸುವ ಆಸನದ ಮೇಲೆ ಸ್ವತಃ ಹಡಗು ನಡೆಸಿ ಬಲ್ಲವನೊಬ್ಬನು ಕುಳಿತನು. ಇದು ಮುಂದಿನ ಕಾರ್ಯಕ್ಕೆ ಒಳ್ಳೆಯ ಬುನಾದಿಯಾಯಿತು.

ಗಾಳಿಗೂ ಒಂದು ನಿಯಮ

ಬಿರುಗಾಳಿಯೆಂದರೆ ದೇವರ ಕೋಪ, ಅದಕ್ಕೆ ಗೊತ್ತು ಗುರಿಯಿಲ್ಲ ಎಂದು ಜನರು ನಂಬಿದ್ದ ಕಾಲ ಅದು. ಆದರೆ ಅಮೆರಿಕದಲ್ಲಿ ವಿಲಿಯಂ ರೆಡ್‌ಫೀಲ್ಡ್ ಎಂಬಾತನು 1821ರ ಬಿರುಗಾಳಿಯ ತರುವಾಯ ಕಾಲುನಡಿಗೆಯಲ್ಲಿ ಸಂಚರಿಸುತ್ತ ಒಂದು ವಿಚಿತ್ರವನ್ನು ಕಂಡಿದ್ದನು. ಒಂದು ಕಡೆಯ ಮರಗಳು ಒಂದು ದಿಕ್ಕಿಗೆ ಉರುಳಿದ್ದರೆ, ಕೆಲವು ಹರದಾರಿಗಳಾಚೆ ಅದೇ ಗಾಳಿಗೆ ಬಿದ್ದ ಮರಗಳು ಅದಕ್ಕೆ ನೇರ ವಿರುದ್ಧವಾದ ದಿಕ್ಕಿಗೆ ಉರುಳಿದ್ದವು. ಗಾಳಿಯು ನೆಟ್ಟಗೆ ಬೀಸದೆ ಬುಗುರಿಯಂತೆ ಸುತ್ತುತ್ತ ಮುಂದೆ ಸಾಗುತ್ತದೆಂದು ಆತನು ತರ್ಕಿಸಿದನು. ವಿಲಿಯಂ ರೀಡ್ ಎಂಬ ಇಂಜಿನಿಯರ್ ಸೇನಾಧಿಕಾರಿಯು 1831ರ ಬಿರುಗಾಳಿಯಿಂದ ಹಾಳಾಗಿದ್ದ ಬಾರ್ಬಡೋಸ್ ದ್ವೀಪಕ್ಕೆ ಕಟ್ಟಡಗಳ ಪುನರ್ನಿರ್ಮಾಣಕ್ಕಾಗಿ ಹೋದವನು, ಅದೇ ವಿಷಯದ ಬೆನ್ನು ಹತ್ತಿ, 1838ರಲ್ಲಿ ಬಿರುಗಾಳಿಗಳ ನಿಯಮವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು.

ಈ ಗ್ರಂಥವು ಪಿಡಿಂಗ್ಟನ್ನನ ಜೀವನದ ದಿಕ್ಕನ್ನೇ ತಿರುಗಿಸಿತು. ಬಂಗಾಳದ ಕೊಲ್ಲಿಯಲ್ಲಿಯೂ ಚೀನಾದ ಕಡಲಿನಲ್ಲಿಯೂ ಇದೇ ನಿಯಮವು ನಡೆಯುವುದೋ ಇಲ್ಲವೋ ಎಂದು ಆತನು ಪರೀಕ್ಷಿಸಲು ಹೊರಟನು. 1839ರ ಜೂನ್ ತಿಂಗಳಲ್ಲಿ ಕೊಲ್ಲಿಯಲ್ಲಿ ಎದ್ದ ಬಿರುಗಾಳಿಯಿಂದ ಆತನ ಕೆಲಸ ಮೊದಲಾಯಿತು. ಅಂದಿನಿಂದ ಕೊನೆಯುಸಿರಿನವರೆಗೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ದೀರ್ಘ ಪ್ರಬಂಧಗಳನ್ನು ಬರೆದನು.

ಆತನ ಕಾರ್ಯವಿಧಾನವು ಮೆಚ್ಚತಕ್ಕದ್ದು. ಅಂದು ಈ ದೇಶದಲ್ಲಿ ಸಾರ್ವಜನಿಕರಿಗೆ ತಂತಿಯಿರಲಿಲ್ಲ. ಆಕಾಶದಿಂದ ಚಿತ್ರ ತೆಗೆಯುವ ಉಪಗ್ರಹದ ಮಾತನ್ನಂತೂ ಯಾರೂ ಕನಸಿನಲ್ಲಿಯೂ ಕಂಡಿರಲಿಲ್ಲ. ಪಿಡಿಂಗ್ಟನ್ನನು ಬಂದರಿಗೆ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ಬೇಡಿ ಪಡೆದನು. ಯಾವ ದಿನ, ಯಾವ ಗಳಿಗೆಯಲ್ಲಿ, ಹಡಗು ಎಲ್ಲಿತ್ತು, ಗಾಳಿ ಯಾವ ದಿಕ್ಕಿನದು, ಭಾರಮಾಪಕದ ಪಾದರಸ ಎಷ್ಟು ಇಳಿದಿತ್ತು ಎಂಬ ವಿವರಗಳನ್ನು ಒಂದೊಂದಾಗಿ ಆರಿಸಿ, ನಕ್ಷೆಯ ಮೇಲೆ ಬಾಣದ ಗುರುತುಗಳನ್ನಿಟ್ಟು ಜೋಡಿಸಿದನು. ನೂರು ಮೈಲು ಅಂತರದಲ್ಲಿದ್ದು ಒಬ್ಬರನ್ನೊಬ್ಬರು ಕಾಣದಿದ್ದ ಹತ್ತು ಹಡಗುಗಳ ಬಾಣಗಳು ನಕ್ಷೆಯ ಮೇಲೆ ಸೇರಿದಾಗ ಒಂದು ದೊಡ್ಡ ಸುಳಿಯ ಆಕಾರವು ತಾನಾಗಿಯೇ ಮೂಡಿಬರುತ್ತಿದ್ದಿತು. ಹತ್ತು ಜನರ ಚೂರುಪಾರು ಲೆಕ್ಕಗಳನ್ನು ಕೂಡಿಸಿ ಅಂಗಡಿಯ ನಿಜಸ್ಥಿತಿಯನ್ನು ತಿಳಿಯುವ ಜಾಣ ಗುಮಾಸ್ತನ ಕೆಲಸವನ್ನು ಇದು ನಮಗೆ ನೆನಪಿಗೆ ತರುತ್ತದೆ. ಇದಕ್ಕೆ ಬೇಕಾದುದು ಅದ್ಭುತವಾದ ಬುದ್ಧಿಗಿಂತಲೂ ಬೇಸರವರಿಯದ ತಾಳ್ಮೆ.

ಹೆಸರು ಹುಟ್ಟಿದ ಬಗೆ

1845ರ ಫೆಬ್ರವರಿಯಲ್ಲಿ ಚಾರ್ಲ್ಸ್ ಹೆಡಲ್ ಎಂಬ ಪುಟ್ಟ ಹಡಗೊಂದು ಮಾರಿಷಸ್ ದ್ವೀಪದ ಬಳಿ ಬಿರುಗಾಳಿಗೆ ಸಿಕ್ಕಿತು. ಅದರ ಕಪ್ತಾನನು ಗಾಳಿಗೆ ಬೆನ್ನು ಕೊಟ್ಟು ಹಡಗನ್ನು ಓಡಿಸಿದನು. ಕೆಲವು ದಿನಗಳ ಕಾಲ ಹಗಲಿರುಳು ಓಡಿ, ಸಾವಿರಕ್ಕೂ ಅಧಿಕ ಮೈಲುಗಳನ್ನು ಕ್ರಮಿಸಿದ ಮೇಲೆ ನೋಡಿದರೆ, ಹೊರಟ ಸ್ಥಳದಿಂದ ಹಡಗು ಹೆಚ್ಚು ದೂರ ಹೋಗಿಯೇ ಇರಲಿಲ್ಲ! ಗಾಣದ ಎತ್ತಿನಂತೆ ಅದು ಬಿರುಗಾಳಿಯ ನಡುವನ್ನು ಮತ್ತೆ ಮತ್ತೆ ಸುತ್ತಿ ಬಂದಿದ್ದಿತು. ಈ ಹಡಗಿನ ದಿನಚರಿಯು ಪಿಡಿಂಗ್ಟನ್ನನ ಕೈಸೇರಿತು. ಗಾಳಿಯು ಸುತ್ತುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಇನ್ನೇನು ಬೇಕು?

ಆಗ ಬಿರುಗಾಳಿಗಳಿಗೆ ಹೆಸರುಗಳಿಗೇನೂ ಕೊರತೆಯಿರಲಿಲ್ಲ. ಗೇಲ್, ಹರಿಕೇನ್, ಟೈಫೂನ್, ತೂಫಾನು ಎಂದು ಒಂದೊಂದು ಕಡಲಿನಲ್ಲಿ ಒಂದೊಂದು ಹೆಸರು. ಆದರೆ ಸುತ್ತುವ ಗಾಳಿಗೂ ನೆಟ್ಟಗೆ ಬೀಸುವ ಬಿರುಸಾದ ಗಾಳಿಗೂ ಜನರು ಭೇದವನ್ನೆಣಿಸದೆ ಎಲ್ಲಕ್ಕೂ ಅವೇ ಹೆಸರುಗಳನ್ನು ಬಳಸುತ್ತಿದ್ದರು. ಇದರಿಂದ ನಾವಿಕರಿಗೆ ಗೊಂದಲವಾಗುತ್ತಿತ್ತು. ಆದುದರಿಂದ ಪಿಡಿಂಗ್ಟನ್ನನು ಗ್ರೀಕ್ ಭಾಷೆಯಲ್ಲಿ ಹಾವಿನ ಸುರುಳಿಯೆಂಬ ಅರ್ಥವೂ ಉಳ್ಳ ಶಬ್ದವೊಂದನ್ನು ಆಧಾರವಾಗಿಟ್ಟುಕೊಂಡು ಸೈಕ್ಲೋನ್ ಎಂಬ ಪದವನ್ನು ರಚಿಸಿದನು. ಗಾಳಿಯ ದಾರಿಯು ಕೈವಾರದಿಂದ ಎಳೆದ ಶುದ್ಧ ವೃತ್ತವೆಂದು ಸಾಧಿಸುವ ಹಟ ಆತನಿಗಿರಲಿಲ್ಲ. ಸುತ್ತುತ್ತದೆಂಬುದಷ್ಟನ್ನೇ ಸೂಚಿಸುವ ಮಾತು ಬೇಕಾಗಿತ್ತು. 1848ರಲ್ಲಿ ಪ್ರಕಟವಾದ ಆತನ ಗ್ರಂಥದಿಂದ ಈ ಹೆಸರು ಜಗತ್ತಿಗೆಲ್ಲ ಹಬ್ಬಿತು.

ಇಲ್ಲಿ ನಮ್ಮ ಕನ್ನಡವನ್ನು ಒಮ್ಮೆ ನೆನೆಯಬೇಕು. ಚಂಡಮಾರುತ ಎಂಬ ನಮ್ಮ ಮಾತು ಗಾಳಿಯ ರೌದ್ರವನ್ನು ಹೇಳುತ್ತದೆ, ಅದರ ನಡೆಯನ್ನು ಹೇಳುವುದಿಲ್ಲ. ಸುಳಿಗಾಳಿ ಎಂಬ ಹಳ್ಳಿಯ ಮಾತಾದರೋ ನಡೆಯನ್ನೇ ಹೇಳುತ್ತದೆ. ಪಿಡಿಂಗ್ಟನ್ನನು ಗ್ರೀಕಿನಿಂದ ಕಷ್ಟಪಟ್ಟು ತಂದ ಅರ್ಥವನ್ನು ಅಂಗಳದ ತರಗೆಲೆ ಸುತ್ತುವುದನ್ನು ನೋಡಿದ ನಮ್ಮ ಹಿರಿಯರು ಎಂದೋ ಒಂದು ಮಾತಿನಲ್ಲಿ ಹಿಡಿದಿಟ್ಟಿದ್ದರು. ಆದರೆ ಅಂಗಳದ ಸುಳಿಯೂ ನೂರಾರು ಮೈಲು ಅಗಲದ ಕಡಲ ಸುಳಿಯೂ ನಡೆಯಲ್ಲಿ ಹೋಲುತ್ತವೆಂದು ಲೆಕ್ಕವಿಟ್ಟು ತೋರಿಸಿದ ಕೀರ್ತಿಯು ರೆಡ್‌ಫೀಲ್ಡ್, ರೀಡ್, ಪಿಡಿಂಗ್ಟನ್ ಇವರಿಗೆ ಸಲ್ಲತಕ್ಕದ್ದು.

ನಾವಿಕರ ಬಾಲಬೋಧೆ

ವಿದ್ವಾಂಸರು ಓದುವ ಪತ್ರಿಕೆಯಲ್ಲಿ ಪ್ರಬಂಧ ಬರೆದರೆ ಹಡಗಿನಲ್ಲಿ ಸಾಯುವವನಿಗೆ ಏನು ಪ್ರಯೋಜನ? ಈ ಪ್ರಶ್ನೆಯನ್ನು ಪಿಡಿಂಗ್ಟನ್ನನು ಮರೆಯಲಿಲ್ಲ. 1844ರಲ್ಲಿ ಹಿಂದೂ ಮಹಾಸಾಗರ ಮತ್ತು ಚೀನಾ ಕಡಲುಗಳ ನಾವಿಕರಿಗಾಗಿ ಚಿಕ್ಕದೊಂದು ಕೈಪಿಡಿಯನ್ನೂ, ಅದನ್ನೇ ವಿಸ್ತರಿಸಿ 1848ರಲ್ಲಿ ಎಲ್ಲ ಕಡಲುಗಳ ನಾವಿಕರಿಗಾಗಿ ದೊಡ್ಡ ಪುಸ್ತಕವನ್ನೂ ಬರೆದನು. ಅದಕ್ಕೆ ಹಾರ್ನ್‌ಬುಕ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ಹಿಂದೆ ಮಕ್ಕಳು ಅಕ್ಷರ ಕಲಿಯುತ್ತಿದ್ದ ಹಲಗೆಗೆ ಆ ಹೆಸರಿದ್ದಿತು. ಹಾಳೆ ಹರಿಯದಂತೆ ಅದರ ಮೇಲೆ ಕೊಂಬಿನ ತೆಳುವಾದ ಪಾರದರ್ಶಕ ಪದರವನ್ನು ಹೊದಿಸುತ್ತಿದ್ದರು. ಪಿಡಿಂಗ್ಟನ್ನನ ಪುಸ್ತಕದ ಜೊತೆಯಲ್ಲಿಯೂ ಅಂತಹ ಪಾರದರ್ಶಕ ಹಲಗೆಗಳೆರಡು ಬರುತ್ತಿದ್ದವು. ಅವುಗಳ ಮೇಲೆ ಸುತ್ತುವ ಗಾಳಿಯ ಬಾಣಗಳು. ಭೂಮಧ್ಯರೇಖೆಯ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು. ಕಪ್ತಾನನು ತನ್ನ ಕಡಲ ನಕ್ಷೆಯ ಮೇಲೆ ಹಲಗೆಯನ್ನಿಟ್ಟು ಸರಿಸಿ, ತನಗೆ ಬೀಸುತ್ತಿರುವ ಗಾಳಿಗೆ ಬಾಣವನ್ನು ಹೊಂದಿಸಿದರೆ, ಬಿರುಗಾಳಿಯ ನಡುಭಾಗ ಎಲ್ಲಿದೆಯೆಂದು ತಿಳಿಯುತ್ತಿತ್ತು. ಲೆಕ್ಕ ಬೇಡ, ಪಾಂಡಿತ್ಯ ಬೇಡ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವನಿಗೂ ಸಿಗುವ ವಿದ್ಯೆ ಇದು. ಕಾಲೇಜು ಕಾಣದ ನಮ್ಮಂಥವರಿಗೆ ಇಂತಹ ಗ್ರಂಥಕರ್ತನ ಮೇಲೆ ವಿಶೇಷವಾದ ಗೌರವ ಹುಟ್ಟುವುದು ಸಹಜ.

ಆ ನಿಯಮವನ್ನು ನಮ್ಮ ಕರಾವಳಿಗೆ ಅನ್ವಯಿಸಿ ನೋಡೋಣ. ನಮ್ಮ ಕಡೆಯ ಕಡಲುಗಳಲ್ಲಿ ಈ ಸುಳಿಯು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಗಾಳಿಗೆ ಮುಖ ಕೊಟ್ಟು ನಿಂತರೆ ಅದರ ನಡುಭಾಗವು ನಮ್ಮ ಬಲಗೈಯ ಕಡೆಗಿರುತ್ತದೆ. ಮಲ್ಪೆಯಲ್ಲಿ ದಕ್ಷಿಣದಿಂದ ಬಿರುಗಾಳಿ ಬೀಸಿದರೆ ಅದರ ಹೊಟ್ಟೆಯು ಪಡುವಣ ಕಡಲಿನಲ್ಲಿದೆಯೆಂದು ತಿಳಿಯಬೇಕು. ಗಾಳಿಯು ನೈರುತ್ಯಕ್ಕೂ ಅಲ್ಲಿಂದ ಪಶ್ಚಿಮಕ್ಕೂ ತಿರುಗುತ್ತ ಬಂದರೆ ಬಿರುಗಾಳಿಯು ಉತ್ತರಕ್ಕೆ, ಎಂದರೆ ಗೋವೆ ಮುಂಬಯಿಗಳ ಕಡೆಗೆ ಸಾಗುತ್ತಿದೆಯೆಂದು ಅರ್ಥ. ಗಾಳಿಯು ಒಳಮುಖವಾಗಿ ಸುರುಳಿ ಸುತ್ತುವುದರಿಂದ ನಡುಭಾಗವು ಬಲಗೈಗಿಂತ ತುಸು ಹಿಂದಕ್ಕೆ ಇರುತ್ತದೆಂದು ಮುಂದಿನ ವಿಜ್ಞಾನಿಗಳು ತಿದ್ದಿದರು. ತಿದ್ದುಪಡಿಯಿಂದ ಮೂಲದ ಬೆಲೆ ಕುಂದಲಿಲ್ಲ. ನಡುಭಾಗವು ಮೇಲೆಯೇ ಬಂದಾಗ ಗಾಳಿಯು ಇದ್ದಕ್ಕಿದ್ದಂತೆ ನಿಂತು ಶಾಂತವಾಗುತ್ತದೆ. ಕಷ್ಟ ಕಳೆಯಿತೆಂದು ಅಜ್ಞರು ಹೊರಗೆ ಬರುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ವಿರುದ್ಧ ದಿಕ್ಕಿನಿಂದ ಅದೇ ರಭಸದ ಗಾಳಿ ಬಂದು ಬಡಿಯುತ್ತದೆ. ಎಷ್ಟೋ ಹಡಗುಗಳನ್ನೂ ಎಷ್ಟೋ ಪ್ರಾಣಗಳನ್ನೂ ಬಲಿ ತೆಗೆದುಕೊಂಡದ್ದು ಈ ಮೋಸದ ಶಾಂತಿಯೇ.

ಗಾಳಿಗಿಂತ ಘೋರವಾದ ನೀರು

ಬಿರುಗಾಳಿಗಳ ಲೆಕ್ಕವನ್ನಿಡುತ್ತ ಹೋದಂತೆ ಪಿಡಿಂಗ್ಟನ್ನನಿಗೆ ಮತ್ತೊಂದು ಸಂಗತಿ ಸ್ಪಷ್ಟವಾಯಿತು. ಬಂಗಾಳದ ಕೊಲ್ಲಿಯ ತೀರದಲ್ಲಿ ಮನುಷ್ಯರನ್ನು ಕೊಲ್ಲುವುದು ಗಾಳಿಗಿಂತಲೂ ಹೆಚ್ಚಾಗಿ ನೀರು. ಗೋದಾವರಿಯ ಮುಖದಲ್ಲಿ ಕೋರಿಂಗಾ ಎಂಬ ಬಂದರು ಇದ್ದಿತು. 1789ರ ಡಿಸೆಂಬರಿನಲ್ಲಿ ಬಿರುಗಾಳಿಯೊಡನೆ ಬಂದ ಮೂರು ಮಹಾ ಅಲೆಗಳು ಆ ಊರನ್ನು ತೊಳೆದುಕೊಂಡು ಹೋದವು. ಜನರು ಮತ್ತೆ ಮನೆ ಕಟ್ಟಿದರು, ಮತ್ತೆ ಹಡಗುಗಳು ಬಂದವು. 1839ರ ನವೆಂಬರಿನಲ್ಲಿ ಮತ್ತೊಂದು ಬಿರುಗಾಳಿ ಬಂದು ಮತ್ತೆ ಹಾಳುಗೆಡವಿತು. ಈ ಎರಡನೆಯ ದುರಂತವನ್ನು ಪಿಡಿಂಗ್ಟನ್ನನು ಸ್ವತಃ ಅಭ್ಯಸಿಸಿ ಪ್ರಬಂಧ ಬರೆದನು.

ಇದರ ಕಾರಣವು ಇಂದು ಚೆನ್ನಾಗಿ ತಿಳಿದಿದೆ. ಬಿರುಗಾಳಿಯ ನಡುವೆ ವಾಯುಭಾರವು ಕುಗ್ಗಿರುವುದರಿಂದ ಕಡಲಿನ ನೀರು ತುಸು ಮೇಲಕ್ಕೆ ಉಬ್ಬುತ್ತದೆ. ಅದು ಅಲ್ಪ. ಹೆಚ್ಚಿನದನ್ನು ಮಾಡುವುದು ಗಾಳಿಯ ತಳ್ಳು. ಆಳವಾದ ಕಡಲಿನಲ್ಲಿ ತಳ್ಳಿದ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗುತ್ತದೆ. ತಳವು ಆಳವಿಲ್ಲದ ಕಡೆ ಹಾಗೆ ಹಿಂದಿರುಗಲು ದಾರಿಯಿಲ್ಲದೆ ದಡದ ಮೇಲೇರುತ್ತದೆ. ಬಂಗಾಳದ ಕೊಲ್ಲಿಯ ತಲೆಯು ಆಳ ಕಡಿಮೆಯಾದದ್ದು, ಆಲಿಕೆಯಂತೆ ಕಿರಿದಾಗುತ್ತ ಹೋಗುವಂಥದ್ದು. ಅದರ ಮುಂದಿನ ನೆಲವೋ ಅಂಗೈಯಷ್ಟು ಚಪ್ಪಟೆ. ಉಬ್ಬರದ ವೇಳೆಯೂ ಕೂಡಿಬಂದರೆ ಕೇಳುವುದೇ ಬೇಡ. ನಮ್ಮ ಪಡುವಣ ತೀರದಲ್ಲಿ ಅಷ್ಟು ಎತ್ತರದ ನೀರು ನುಗ್ಗುವುದು ಅಪರೂಪ. ಅಲ್ಲಿ ಕಡಲ್ಕೊರೆತವೇ ದೊಡ್ಡ ಶತ್ರು.

ಗವರ್ನರ್ ಜನರಲನಿಗೆ ಬರೆದ ಪತ್ರ

ಈ ಹೊತ್ತಿಗೆ ಕಲ್ಕತ್ತೆಯ ವರ್ತಕರಿಗೆ ಒಂದು ಚಿಂತೆ ಹತ್ತಿದ್ದಿತು. ಹೂಗ್ಲಿ ನದಿಯಲ್ಲಿ ಹೂಳು ತುಂಬುತ್ತಿದೆ, ದೊಡ್ಡ ಹಡಗುಗಳು ಮುಂದೆ ಬರಲಾರವು ಎಂಬ ಭಯ. ಕಲ್ಕತ್ತೆಯ ಆಗ್ನೇಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಸುಂದರಬನದ ಅಂಚಿನಲ್ಲಿ, ಮಾತ್ಲಾ ಎಂಬ ಅಗಲವಾದ ಆಳವಾದ ನದಿಯಿದೆ. ಅಲ್ಲಿ ಹೊಸ ಬಂದರನ್ನೂ ಹೊಸ ಪಟ್ಟಣವನ್ನೂ ಕಟ್ಟೋಣವೆಂಬ ಆಲೋಚನೆ ಹುಟ್ಟಿತು.

1853ರಲ್ಲಿ ಪಿಡಿಂಗ್ಟನ್ನನು ಗವರ್ನರ್ ಜನರಲ್ ಡಾಲ್‌ಹೌಸಿಗೆ ಒಂದು ಬಹಿರಂಗ ಪತ್ರವನ್ನು ಬರೆದು ಅಚ್ಚುಹಾಕಿಸಿದನು. ಬಂಗಾಳದ ಕೊಲ್ಲಿಯ ಬಿರುಗಾಳಿಗಳೊಡನೆ ಬರುವ ಮಹಾ ಅಲೆಗಳ ಹಿಂದಿನ ಚರಿತ್ರೆಯನ್ನು ಅದರಲ್ಲಿ ವಿವರಿಸಿ, ಮಾತ್ಲಾ ತೀರದಲ್ಲಿ ಪಟ್ಟಣವನ್ನು ಕಟ್ಟಿದರೆ ಎಂದಾದರೊಂದು ದಿನ ಬಿರುಗಾಳಿಯ ನಡುವೆ ಉಪ್ಪುನೀರು ಗೋಡೆಯಂತೆ ನುಗ್ಗಿ ಐದರಿಂದ ಹದಿನೈದು ಅಡಿಗಳವರೆಗೆ ಎಲ್ಲವನ್ನೂ ಮುಳುಗಿಸುವುದೆಂದು ಎಚ್ಚರಿಸಿದನು. ಇದು ಜೋಯಿಸನ ಭವಿಷ್ಯವಾಗಿರಲಿಲ್ಲ. ಹದಿನಾಲ್ಕು ವರ್ಷಗಳ ಲೆಕ್ಕದ ಮೇಲೆ ನಿಂತ ಮಾತಾಗಿದ್ದಿತು.

ಯೋಜನೆಯು ನಿಲ್ಲಲಿಲ್ಲ. ಸರಕಾರವು ಭೂಮಿಯನ್ನು ಕೊಂಡಿತು. ಡಾಲ್‌ಹೌಸಿಯ ತರುವಾಯ ಬಂದ ಕ್ಯಾನಿಂಗನ ಹೆಸರನ್ನು ಆ ಊರಿಗಿಟ್ಟು ಪೋರ್ಟ್ ಕ್ಯಾನಿಂಗ್ ಎಂದು ಕರೆದರು. 1862ರಲ್ಲಿ ಪುರಸಭೆ ಬಂದಿತು. 1863ರ ಹೊತ್ತಿಗೆ ಕಲ್ಕತ್ತೆಯಿಂದ ರೈಲು ಬಂದಿತು. ಕಟ್ಟೆ, ಉಗ್ರಾಣ, ರೈಲ್ವೆ ಹೋಟೆಲು ಎಲ್ಲವೂ ಎದ್ದವು.

ಮುಂಬಯಿಯ ವಾಚಕರು ಇಲ್ಲಿ ಕಿವಿಗೊಡಬೇಕು. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಬೆಲೆ ಏರಿ ಮುಂಬಯಿಯಲ್ಲಿ ಹಣದ ಹೊಳೆ ಹರಿಯುತ್ತಿದ್ದ ಕಾಲವದು. 1865ರಲ್ಲಿ ಪೋರ್ಟ್ ಕ್ಯಾನಿಂಗ್ ಕಂಪೆನಿಯ ಷೇರುಗಳು ಹೊರಟಾಗ ಕಲ್ಕತ್ತೆಯವರೊಡನೆ ಮುಂಬಯಿಯ ಪೇಟೆಯೂ ಅವುಗಳಿಗೆ ಮುಗಿಬಿದ್ದಿತು. ಬೆಲೆಯು ಮೂಲಕ್ಕಿಂತ ಅನೇಕ ಪಟ್ಟು ಏರಿತು. ಅದೇ ವರ್ಷ ಯುದ್ಧ ಮುಗಿಯಿತು, ಹತ್ತಿ ಕುಸಿಯಿತು, ಮುಂಬಯಿಯ ಷೇರು ಹುಚ್ಚು ಇಳಿದು ಎಷ್ಟೋ ಮನೆತನಗಳು ಬೀದಿಗೆ ಬಂದವು.

ಎಚ್ಚರಿಕೆಯನ್ನು ಏಕೆ ಕೇಳಲಿಲ್ಲ? ಅಧಿಕಾರಿಗಳೆಲ್ಲ ಮೂರ್ಖರೆಂದು ಹೇಳಿ ಮುಗಿಸುವುದು ಸುಲಭ. ಆದರೆ ವ್ಯಾಪಾರ ಮಾಡಿ ಬಲ್ಲ ನಮಗೆ ಬೇರೆಯೇ ತೋರುತ್ತದೆ. ಪಗಡಿ ಕೊಟ್ಟು ಜಾಗ ಹಿಡಿದವನ ಹತ್ತಿರ ಹೋಗಿ, ಈ ಕಟ್ಟಡದ ತೊಲೆ ಹುಳುಕಾಗಿದೆಯೆಂದು ಹೇಳಿ ನೋಡಿರಿ. ಆತನು ತೊಲೆಯನ್ನು ನೋಡುವ ಮೊದಲು ಹೇಳಿದವನ ಮುಖವನ್ನು ನೋಡುತ್ತಾನೆ. ಹಣ ಹೂಡಿದ ಮೇಲೆ ಕಿವಿಯು ಕೇಳಬೇಕಾದುದನ್ನು ಕೇಳುವುದಿಲ್ಲ, ಕೇಳಬೇಕೆನಿಸಿದುದನ್ನು ಕೇಳುತ್ತದೆ. ಅಲ್ಲದೆ ಮಾತ್ಲಾ ನದಿಯು ವರ್ಷದ ಮುನ್ನೂರ ಅರವತ್ತು ದಿನ ಶಾಂತವಾಗಿ ಹರಿಯುತ್ತದೆ. ಕಣ್ಣೆದುರಿನ ಶಾಂತ ನದಿಯ ಮುಂದೆ ಕಾಗದದ ಮೇಲಿನ ಲೆಕ್ಕವು ಸೋತುಹೋಗುವುದು ಲೋಕದ ರೂಢಿ.

ಮಾತು ನಿಜವಾದ ದಿನ

ಪಿಡಿಂಗ್ಟನ್ನನು 1858ರ ಏಪ್ರಿಲ್ 7ರಂದು ಕಲ್ಕತ್ತೆಯಲ್ಲಿಯೇ ತೀರಿಕೊಂಡನು. ಆತನಿಗೆ ಅರವತ್ತೊಂದು ವರ್ಷ ವಯಸ್ಸು. ಆತನ ಮಾತು ನಿಜವಾಯಿತೆಂದು ನೋಡುವ ದುರದೃಷ್ಟವು ಆತನಿಗೆ ಒದಗಲಿಲ್ಲ.

1864ರ ಅಕ್ಟೋಬರ್ 5ರಂದು ಕಲ್ಕತ್ತೆಯ ಮೇಲೆ ಭಯಂಕರವಾದ ಚಂಡಮಾರುತ ಬಂದಿತು. ಹೂಗ್ಲಿಯಲ್ಲಿ ಮಹಾ ಅಲೆಯು ಏರಿಬಂದು, ಬಂದರಿನಲ್ಲಿದ್ದ ಸುಮಾರು ಎರಡು ನೂರು ಹಡಗುಗಳಲ್ಲಿ ಬಹುಪಾಲು ಹಾನಿಗೊಂಡವು. ಸತ್ತವರು ಐವತ್ತು ಸಾವಿರಕ್ಕೂ ಅಧಿಕವೆಂದು ಅಂದಾಜು. ಪೋರ್ಟ್ ಕ್ಯಾನಿಂಗಿನ ಕೆಲಸ ಆಗಲೂ ನಿಲ್ಲಲಿಲ್ಲ. ಕಂಪೆನಿಯ ಷೇರುಗಳು ಹೊರಟದ್ದು ಇದರ ಮರುವರ್ಷವೇ ಎಂಬುದನ್ನು ಗಮನಿಸಬೇಕು.

1867ರ ನವೆಂಬರ್ 1ರಂದು ಸರದಿ ಬಂದಿತು. ಅದು ಕಲ್ಕತ್ತೆಯ ಚಂಡಮಾರುತದಷ್ಟು ದೊಡ್ಡದೂ ಆಗಿರಲಿಲ್ಲ. ಸುಮಾರು ಆರು ಅಡಿಗಳ ನೀರು ಪೋರ್ಟ್ ಕ್ಯಾನಿಂಗಿನ ಮೇಲೆ ಹರಿಯಿತು. ರೈಲ್ವೆ ನಿಲ್ದಾಣ, ಸಾಮಾನಿನ ಉಗ್ರಾಣಗಳು, ರೈಲ್ವೆ ಹೋಟೆಲು ನೆಲಸಮವಾದವು. ಹಡಗುಕಟ್ಟೆ ಮುರಿಯಿತು. ಜನರೂ ದನಗಳೂ ಸತ್ತರು. ಸಿಹಿನೀರಿನ ಕೆರೆಗಳಿಗೆ ಉಪ್ಪುನೀರು ನುಗ್ಗಿತು. ನಾವು ಹೋಟೆಲು ನಡೆಸಿದವರಾದುದರಿಂದ ಈ ಕೊನೆಯ ಸಂಗತಿಯು ನಮ್ಮನ್ನು ಹೆಚ್ಚು ತಟ್ಟುತ್ತದೆ. ಬಿದ್ದ ಗೋಡೆಯನ್ನು ಎಬ್ಬಿಸಬಹುದು, ಹಾರಿದ ಮಾಡನ್ನು ಹೊದಿಸಬಹುದು. ಕುಡಿಯುವ ನೀರು ಕೆಟ್ಟ ಊರಿನಲ್ಲಿ ಒಲೆ ಹತ್ತಿಸುವುದಾದರೂ ಹೇಗೆ? ಚಂಡಮಾರುತದ ನಿಜವಾದ ಹಾನಿಯು ಮರುದಿನದ ಛಾಯಾಚಿತ್ರದಲ್ಲಿ ಕಾಣುವುದಲ್ಲ, ಮರುವರ್ಷದ ಬಾವಿಯಲ್ಲಿಯೂ ಗದ್ದೆಯಲ್ಲಿಯೂ ಕಾಣುವುದು.

ಪೋರ್ಟ್ ಕ್ಯಾನಿಂಗನ್ನು ಚಂಡಮಾರುತವೊಂದೇ ಕೊಂದಿತೆನ್ನುವುದು ನ್ಯಾಯವಲ್ಲ. ಹಡಗುಗಳು ಅಲ್ಲಿಗೆ ಬಹಳವಾಗಿ ಎಂದೂ ಬರಲಿಲ್ಲ. ಹೂಗ್ಲಿಯೂ ಹೆದರಿದಷ್ಟು ಬೇಗ ಹೂಳಲಿಲ್ಲ. ಷೇರಿನ ಗುಳ್ಳೆ ಮೊದಲೇ ಒಡೆದಿತ್ತು. ಕುಂಟುತ್ತಿದ್ದ ಕುದುರೆಯನ್ನು ಚಂಡಮಾರುತವು ಕೆಡವಿತೆನ್ನಬಹುದು. 1870ರ ದಶಕದ ಮೊದಲಲ್ಲಿಯೇ ಆ ಬಂದರನ್ನು ಕೈಬಿಡಲಾಯಿತು. ಕ್ಯಾನಿಂಗ್ ಈಗ ಸುಂದರಬನದ ಬಾಗಿಲಾಗಿರುವ ಊರು. ದಿನವೂ ಮುಂಜಾನೆ ಅಲ್ಲಿಂದ ಹೊರಡುವ ಲೋಕಲ್ ರೈಲುಗಳಲ್ಲಿ ಮನೆಗೆಲಸದ ಹೆಂಗಸರು ಕಲ್ಕತ್ತೆಗೆ ಹೋಗುತ್ತಾರೆ. ಹಡಗಿಗಾಗಿ ಹಾಕಿದ ಹಳಿಯು ಕೊನೆಗೆ ಹೊಟ್ಟೆಪಾಡಿನವರಿಗೆ ಒದಗಿತು.

ಆತನ ತರುವಾಯ

ಸತ್ತ ಮೇಲೆ ಪಿಡಿಂಗ್ಟನ್ನನ ಕೆಲಸಕ್ಕೆ ಫಲ ಬಂದಿತು. 1864ರ ಅನಾಹುತದ ಬಳಿಕ 1865ರಲ್ಲಿ ಕಲ್ಕತ್ತೆಯ ಬಂದರಿಗೆ ಚಂಡಮಾರುತದ ಮುನ್ಸೂಚನೆ ಕೊಡುವ ವ್ಯವಸ್ಥೆ ಬಂದಿತು. 1875ರಲ್ಲಿ ಹೆನ್ರಿ ಬ್ಲಾನ್‌ಫರ್ಡನ ಮುಖ್ಯಸ್ಥಿಕೆಯಲ್ಲಿ ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾಯಿತು. ಆದರೂ 1876ರಲ್ಲಿ ಬಾಕರ್‌ಗಂಜಿನ ಚಂಡಮಾರುತದಿಂದಲೂ ಅದರ ಹಿಂದೆ ಬಂದ ಕಾಲರಾದಿಂದಲೂ ಸುಮಾರು ಎರಡು ಲಕ್ಷ ಜನರು ಸತ್ತರು. 1970ರಲ್ಲಿ ಅದೇ ಕೊಲ್ಲಿಯ ತಲೆಯಲ್ಲಿ ಭೋಲಾ ಚಂಡಮಾರುತವು ಮೂರು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಬಲಿ ತೆಗೆದುಕೊಂಡಿತು. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆ ಮುಳುಗಿದುದನ್ನು ಹೈದರಾಬಾದಿನ ನಮ್ಮ ಹಿರಿಯ ವಾಚಕರು ಮರೆತಿರಲಾರರು.

ಎಚ್ಚರಿಕೆ ಇರುವುದು ಬೇರೆ, ಅದು ಗುಡಿಸಲಿನ ಬಾಗಿಲಿಗೆ ತಲಪುವುದು ಬೇರೆ, ತಲಪಿದ ಮೇಲೆ ಓಡಿಹೋಗಿ ನಿಲ್ಲಲು ಎತ್ತರದ ಜಾಗವಿರುವುದು ಇನ್ನೂ ಬೇರೆ. ಈ ಮೂರೂ ಕೂಡಿದಾಗ ಏನಾಗುವುದೆಂಬುದಕ್ಕೆ ಒಡಿಶಾ ನಿದರ್ಶನ. 1999ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮುಂಚಿತವಾಗಿಯೇ ಸಾಗಿಸಿದುದರಿಂದ ಸತ್ತವರು ಕೆಲವೇ ಹತ್ತುಗಳಷ್ಟು. ಗಾಳಿಯು ಕರುಣೆ ತೋರಿದ್ದಲ್ಲ, ಜನರು ಮಾತು ಕೇಳಿದ್ದು.

ಪಡುವಣ ಕಡಲು ನಮ್ಮನ್ನು ಬಿಟ್ಟಿದೆಯೆಂದು ನೆಮ್ಮದಿಯಿಂದಿರುವಂತಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ದಕ್ಷಿಣ ಕನ್ನಡ ಉಡುಪಿಗಳ ತೀರವನ್ನು ಕೊರೆದು, ಮುಂಬಯಿಯ ಪಕ್ಕದಿಂದ ಹಾದು, ಗುಜರಾತನ್ನು ಹೊಕ್ಕಿತು. ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಕ್ಕಿಕೊಂಡ ನೌಕೆಯೊಂದರಿಂದ 9 ಮಂದಿಯನ್ನು ಹೇಗೋ ರಕ್ಷಿಸಿದರು. ಮುಂಬಯಿಯಾಚೆ ತೈಲದ ಬಾವಿಗಳ ಬಳಿಯಿದ್ದ ಪಿ-305 ಎಂಬ ಬಾರ್ಜು ಮತ್ತು ಜೊತೆಯ ಎಳೆದೋಣಿಯೊಂದು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಪ್ರಾಣ ಕಳೆದುಕೊಂಡರು. ಮುನ್ಸೂಚನೆಯು ದಿನಗಳ ಮೊದಲೇ ಹೊರಟಿತ್ತೆಂಬುದನ್ನು ನೆನೆದರೆ ಎದೆ ಉರಿಯುತ್ತದೆ. ಅರಬ್ಬೀ ಕಡಲು ಬೆಚ್ಚಗಾಗುತ್ತಿದೆ, ಅಲ್ಲಿಯ ಚಂಡಮಾರುತಗಳು ಬಲಗೊಳ್ಳುತ್ತಿವೆ ಎಂದು ಹವಾಮಾನ ಶಾಸ್ತ್ರಜ್ಞರು ಹೇಳುತ್ತಿದ್ದಾರೆ.

ನಮ್ಮವರಲ್ಲಿ ಅನೇಕರು ಪರಸ್ಥಳದಲ್ಲಿ ದುಡಿದ ಹಣದಿಂದ ಊರಿನಲ್ಲಿ ಮನೆ ಕಟ್ಟಿಸುತ್ತಾರೆ. ಕಡಲಿಗೆ ಮುಖ ಮಾಡಿದ ಜಾಗಕ್ಕೆ ಈಗ ಬೆಲೆಯೂ ಹೆಚ್ಚು, ಆಸೆಯೂ ಹೆಚ್ಚು. ಕೊಳ್ಳುವ ಮೊದಲು ಆ ಜಾಗದ ಹಳೆಯ ಬೆಸ್ತರನ್ನು ಕಂಡು, ನೀರು ಎಲ್ಲಿಯವರೆಗೆ ಬಂದುದನ್ನು ಬಲ್ಲಿರಿ ಎಂದು ಒಂದು ಮಾತು ಕೇಳಬೇಕು. ದೋಣಿಯಿರುವ ಅಣ್ಣತಮ್ಮಂದಿರಿಗೆ, ಬಂದರಿನಲ್ಲಿ ಅಪಾಯದ ಗುರುತು ಏರಿಸಿದ ದಿನ ಒಂದು ಬಲೆಯ ಮೀನಿಗಾಗಿ ಹೊರಡಬೇಡಿರೆಂದು ಫೋನು ಮಾಡಿ ಹೇಳಬೇಕು. ನೂರ ಎಪ್ಪತ್ತು ವರ್ಷಗಳ ಹಿಂದೆ ಒಬ್ಬ ಕಪ್ತಾನನು ಹಡಗುಗಳ ಹರಕು ದಿನಚರಿಗಳನ್ನು ಮುಂದಿಟ್ಟುಕೊಂಡು ಗಾಳಿಯ ಗುಟ್ಟನ್ನು ಬಿಡಿಸಿದನು. ಆತನು ಕೊಟ್ಟ ಹೆಸರನ್ನು ಜಗತ್ತೆಲ್ಲ ತೆಗೆದುಕೊಂಡಿತು. ಆತನು ಕೊಟ್ಟ ಎಚ್ಚರಿಕೆಯನ್ನು ತೆಗೆದುಕೊಳ್ಳುವುದು ಇನ್ನೂ ಬಾಕಿ ಇದೆ.